ಎರಡು ಬೆರಳು ಹೆಚ್ಚು

ಹದಿನೇಳನೇ ತಾರೀಖು, ಸೋಮವಾರ ಬೆಳಿಗ್ಗೆ

ಅಮ್ಮಾ,

ಮೊದಲು ನಮಸ್ಕಾರ ಅಂತ ಬರೆದು ಹೊಡೆದುಹಾಕಿದೆ. ಆಮೇಲೆ ಹೇಗಿದ್ದೀಯ ಅಂತ ಬರೆದು ಅದನ್ನೂ ಹೊಡೆದುಹಾಕಿದೆ. ಮೂರು ವರ್ಷ ಕೇಳದವಳು ಇವತ್ತು ಕೇಳಿದರೆ ನೀನು ನಕ್ಕುಬಿಡುತ್ತೀಯ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾವಿಬ್ಬರೂ ಒಂದು ಮಾತನ್ನಾದರೂ ಪೂರ್ತಿ ಆಡಿ ಮುಗಿಸಿದ್ದು ನನಗೆ ನೆನಪಿಲ್ಲ. ಯಾರಾದರೊಬ್ಬರು ನಡುವೆಯೇ ಕಟ್ ಮಾಡಿರುತ್ತೇವೆ. ಕಾಗದವಾದರೆ ನೀನು ಹರಿದುಹಾಕಬಹುದು, ಆದರೆ ಹರಿಯುವ ಮುಂಚೆ ಓದೇ ಓದುತ್ತೀಯ. ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ?

ಶುಕ್ರವಾರ ನೀನು ವಿಮಾನ ನಿಲ್ದಾಣದಲ್ಲಿ ನನ್ನ ಗೇಟಿಗೆ ಯಾಕೆ ಬಂದೆ? ಮೂರು ದಿನದಿಂದ ಇದೊಂದೇ ಯೋಚನೆ, ತಲೆ ಕೆಟ್ಟು ಗೊಬ್ಬರವಾಗಿದೆ. ನಡೆದದ್ದನ್ನು ನನಗೆ ಕಂಡ ಹಾಗೆ ಬರೆಯುತ್ತೇನೆ. ಎಲ್ಲಿ ತಪ್ಪಿದೆಯೋ ಅಲ್ಲಿ ನೀನೇ ಒಂದು ಗೆರೆ ಎಳೆ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವ ಹಾಗೆ.

ಅಣ್ಣ ಹೇಳಿರಬಹುದು, ಪ್ರಯಾಣಿಕರನ್ನು ವಿಮಾನಕ್ಕೆ ಹತ್ತಿಸುವ ಕಡೆಯ ಬಾಗಿಲಲ್ಲಿ ನನ್ನ ಕೆಲಸ. ಬೋರ್ಡಿಂಗ್ ಪಾಸ್ ನೋಡಬೇಕು, ನಗಬೇಕು, ಒಳಗೆ ಬಿಡಬೇಕು. ಹೋದ ತಿಂಗಳಿಂದ ಇನ್ನೊಂದು ತಲೆನೋವು ಸೇರಿಕೊಂಡಿದೆ. ಕೈಯಲ್ಲಿ ಒಯ್ಯುವ ಬ್ಯಾಗ್ ಒಂದೊಂದನ್ನೂ ಕಬ್ಬಿಣದ ಚೌಕಟ್ಟಿನೊಳಗೆ ಇಳಿಸಿ ನೋಡಬೇಕು. ನಾವು ಅದನ್ನು ಪಂಜರ ಅನ್ನುತ್ತೇವೆ. ಬ್ಯಾಗ್ ಅದರೊಳಗೆ ಇಳಿದರೆ ಜೊತೆಯಲ್ಲೇ ಒಯ್ಯಬಹುದು. ಇಳಿಯದಿದ್ದರೆ ಹಳದಿ ಚೀಟಿ ಕಟ್ಟಿ ವಿಮಾನದ ಹೊಟ್ಟೆಗೆ ಕಳಿಸಬೇಕು. ಕಣ್ಣಳತೆ ಕೂಡದು, ಮುಲಾಜು ಕೂಡದು ಅಂತ ಮೇಲಿನವರ ಆಜ್ಞೆ. ಜನ ಏನೇನು ನಾಟಕ ಆಡುತ್ತಾರೆ ಗೊತ್ತಾ? ಒಬ್ಬ ಮಹಾಶಯ ಮೂರು ಅಂಗಿ, ಎರಡು ಕೋಟು ಒಂದರ ಮೇಲೊಂದು ಹಾಕಿಕೊಂಡು, ಎರಡೂ ಜೇಬಿಗೆ ಒಂದೊಂದು ಚಪ್ಪಲಿ ತುರುಕಿಕೊಂಡು, ಕೈ ಮಡಚಲಾಗದೆ ನಿಂತಿದ್ದ. ಇನ್ನೊಬ್ಬಾಕೆ ಪಂಜರಕ್ಕೇ ಒದ್ದಳು. ದಿನವಿಡೀ ಬೈಸಿಕೊಳ್ಳುವ ಕೆಲಸ. ಅದರಲ್ಲಿ ನನಗೆ ಚಿಕ್ಕಂದಿನಿಂದಲೇ ತರಬೇತಿಯಾಗಿದೆ. ಕೋಪ ಮಾಡಿಕೊಳ್ಳಬೇಡ, ತಮಾಷೆಗೆ ಅಂದೆ.

ಶುಕ್ರವಾರ ಹನ್ನೊಂದರ ವಿಮಾನಕ್ಕೆ ಸಾಲು ಉದ್ದವಿತ್ತು. ನಾನು ತಲೆ ಎತ್ತದೆ ಮುಂದೆ ಬನ್ನಿ ಅಂದೆ. ಬಂದೆ ಮೇಡಂ ಅಂತ ನಿನ್ನ ದನಿ ಕೇಳಿಸಿತು. ತಲೆ ಎತ್ತಿದರೆ ನೀನು! ಅದೇ ಬೂದು ಕೋಟು, ತೋಳಿನ ಮೇಲೆ ಅಂಟಿಕೊಂಡ ಕೆಂಪು ದಾರದ ಎಳೆ. ಕೈಯಲ್ಲಿ ಹೊಸ ಬ್ಯಾಗು. ನಾನು ಅಮ್ಮ ಅನ್ನಬೇಕಿತ್ತು. ನೀನು ಮೇಡಂ ಅಂದಿದ್ದೆಯಲ್ಲ, ಅದು ಎಲ್ಲಿಗೋ ಚುಚ್ಚಿತು. ಹೆತ್ತ ಮಗಳನ್ನು ಜನರ ಮುಂದೆ ಮೇಡಂ ಅನ್ನುವುದು ಅಂದರೆ ಗುರುತೇ ಇಲ್ಲ ಅಂದ ಹಾಗಲ್ಲವೇ? ಅಥವಾ ನಾನು ಬನ್ನಿ ಅಂದದ್ದಕ್ಕೆ ನೀನು ಹಾಗಂದೆಯೋ? ಶುರು ಮಾಡಿದ್ದು ನಾನಾ, ನೀನಾ? ಇದೂ ನನಗೆ ಗೊತ್ತಾಗುತ್ತಿಲ್ಲ.

ನೀನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಸೊಂಟದ ಹತ್ತಿರ ನಿನ್ನ ಕಣ್ಣು ನಿಂತಿತು. ಈ ಸಮವಸ್ತ್ರ ನಿನಗೆ ಹಿಡಿಸಲಿಲ್ಲ, ಹೊಲಿಗೆ ಅಂಗಡಿ ಬಿಟ್ಟುಹೋದವಳು ಇಲ್ಲಿ ಬಾಗಿಲು ಕಾಯುತ್ತಿದ್ದಾಳೆ ಅಂತ ನೀನು ಮನಸ್ಸಿನಲ್ಲೇ ಅಂದುಕೊಂಡೆ ಅಂತ ನನಗನ್ನಿಸಿತು. ಆಗ ಸಿಟ್ಟು ಬಂದಿತು. ಆವತ್ತು ನಾನು ಹೊಲಿದ ಕೋಟನ್ನು ಗಿರಾಕಿಯ ಎದುರಿಗೇ ಹರಡಿ, ಅರ್ಧ ಬೆರಳು ಹೆಚ್ಚಿದೆ ಅಂತ ಒಂದೊಂದೇ ಹೊಲಿಗೆ ಬಿಚ್ಚಿದೆಯಲ್ಲ, ಅದೇ ಮುಖ ಕಣ್ಣಮುಂದೆ ಬಂತು. ಮಾರನೇ ದಿನ ನಾನು ಮನೆ ಬಿಟ್ಟದ್ದು ಆ ಅರ್ಧ ಬೆರಳಿಗಾಗಿ. ಇಷ್ಟು ದಿನ ಬೇರೆ ಬೇರೆ ಕಾರಣ ಹೇಳಿದ್ದೇನೆ, ನಿಜ ಇದೇ.

ನಿನ್ನ ಬ್ಯಾಗನ್ನು ಪಂಜರದಲ್ಲಿಟ್ಟೆ. ಎರಡು ಬೆರಳು ಹೊರಗೆ ನಿಂತಿತು. ಮೇಲ್ವಿಚಾರಕರು ನನ್ನ ಬೆನ್ನ ಹಿಂದೆಯೇ ಇದ್ದರು, ನಾನೇನು ಮಾಡಲಿ ಹೇಳು? ಇದು ಕೆಳಗೆ ಹೋಗಬೇಕು, ಔಷಧಿ, ಬ್ಯಾಟರಿ ಇದ್ದರೆ ತೆಗೆದುಕೊಳ್ಳಿ ಅಂದೆ. ಬರೀ ಬಟ್ಟೆ ಅಂದೆ ನೀನು. ಆಮೇಲೆ ಮೆಲ್ಲಗೆ, ಇದನ್ನು ನಿಮ್ಮ ಹತ್ತಿರವೇ ಬಿಟ್ಟುಹೋಗಬಹುದಾ ಅಂತ ಕೇಳಿದೆ. ಎಲ್ಲರೂ ಕೇಳುವುದು ಅದನ್ನೇ ಅಮ್ಮ. ನಿಮ್ಮ ಹತ್ತಿರ ಇಟ್ಟಿರಿ, ತಮ್ಮ ಬಂದು ಒಯ್ಯುತ್ತಾನೆ, ಭಾವ ಬಂದು ಒಯ್ಯುತ್ತಾನೆ. ಇಲ್ಲಿ ಸಾಮಾನು ಬಿಡುವ ಹಾಗಿಲ್ಲ ಅಂತ ಬಾಯಿಪಾಠ ಒಪ್ಪಿಸಿ ಚೀಟಿ ಕಟ್ಟಿದೆ. ಬ್ಯಾಗು ಕೆಳಗೆ ಹೋಯಿತು.

ನೀನು ಅಲ್ಲೇ ನಿಂತಿದ್ದೆ. ಈಗ ನಾನು ಹತ್ತದೇ ಹೋದರೆ ಏನಾಗುತ್ತದೆ ಅಂತ ಕೇಳಿದೆ. ಎಂಥ ಪ್ರಶ್ನೆ ಇದು, ಹತ್ತಲಿಕ್ಕೆ ತಾನೇ ಬಂದಿರುವುದು ಅಂದುಕೊಂಡು, ಜನ ಹತ್ತದಿದ್ದರೆ ಅವರ ಸಾಮಾನೂ ಹೋಗುವ ಹಾಗಿಲ್ಲ, ಹುಡುಕಿ ಇಳಿಸಬೇಕು, ವಿಮಾನ ತಡವಾಗುತ್ತದೆ, ಚೀಟಿ ಕಟ್ಟಿದವರ ಮೇಲೆ ದೂರು ಬರೆಯುತ್ತಾರೆ ಅಂದೆ. ಯಾರು ಕಟ್ಟಿದವರು ಅಂತ ನೀನು ಕೇಳಿದೆ. ನಾನೇ ಅಂದೆ. ಸರಿ ಹಾಗಾದರೆ ಅಂತ ನೀನು ವಿಮಾನದ ಕಡೆ ನಡೆದುಬಿಟ್ಟೆ. ಹಿಂತಿರುಗಿ ನೋಡಲೂ ಇಲ್ಲ. ನಾನು ಮುಂದಿನವರನ್ನು ಕರೆದೆ.

ವಿಮಾನ ಮೇಲೆದ್ದ ಮೇಲೆ ಕಂಪ್ಯೂಟರಿನಲ್ಲಿ ನಿನ್ನ ಟಿಕೆಟ್ ತೆಗೆದು ನೋಡಿದೆ. ಆ ಊರಿನಲ್ಲಿ ನಮಗೆ ಯಾರಿದ್ದಾರೆ? ಒಂದು ನರಪಿಳ್ಳೆಯೂ ಇಲ್ಲ. ಹಿಂದಿರುಗುವ ಟಿಕೆಟ್ ಕೂಡ ಇರಲಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ, ಅಮ್ಮ ಬಟ್ಟೆ ತರಲು ಸಗಟು ಅಂಗಡಿಗೆ ಹೋಗಿದ್ದಾಳೆ, ಸಂಜೆಯ ರೈಲಿಗೆ ಬರುತ್ತಾಳೆ ಅಂದ. ನಾನು ನಡೆದದ್ದನ್ನು ಹೇಳಿದೆ. ಅವನಿಗೂ ಏನೂ ತೋಚಲಿಲ್ಲ.

ಶನಿವಾರ ಮಧ್ಯಾಹ್ನ ಅವನೇ ಫೋನ್ ಮಾಡಿದ. ನೀನು ಹದಿನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಮನೆಗೆ ಬಂದೆಯಂತೆ, ಕಾಲು ಊದಿದೆಯಂತೆ. ಎಲ್ಲಿಗೆ ಹೋಗಿದ್ದೆ ಅಂದರೆ, ಗೇಟಿನ ತನಕ ಹೋಗಿಬರೋಣ ಅಂತಿದ್ದೆ, ಸ್ವಲ್ಪ ದೂರವಾಯಿತು ಅಂದೆಯಂತೆ. ಅಣ್ಣ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ಟಿಕೆಟ್ ಇಲ್ಲದೆ ಆ ಬಾಗಿಲ ತನಕ ಯಾರನ್ನೂ ಬಿಡುವುದಿಲ್ಲ. ಆ ಬಾಗಿಲಿಗೆ ಬರಲಿಕ್ಕೆಂದೇ ನೀನು ಟಿಕೆಟ್ ತೆಗೆಸಿದೆಯಾ? ನನ್ನನ್ನು ನೋಡಿ, ಬ್ಯಾಗ್ ಕೊಟ್ಟು, ತಿರುಗಿ ರೈಲು ಹಿಡಿಯುವುದಕ್ಕಾ? ನನಗೆ ಚೀಟಿಯ ದೂರು ಬಾರದಿರಲಿ ಅಂತ, ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದ ಜನರ ನಡುವೆ ಹಾರಿಹೋದೆಯಾ? ಹೌದಾದರೆ ಹೌದು ಅನ್ನು. ಮನೆಯ ವಿಳಾಸ ಕೊಡದೆ ಮುಖ ಊದಿಸಿಕೊಂಡು ಕೂತವಳು ನಾನು, ಅದಕ್ಕೆ ಹೀಗೂ ಮಾಡುತ್ತಾರಾ ಅಮ್ಮ? ನನಗೆ ಅಳುವುದೋ ಬೈಯುವುದೋ ತಿಳಿಯುತ್ತಿಲ್ಲ.

ಅಣ್ಣ ಇನ್ನೂ ಒಂದು ವಿಷಯ ಹೇಳಿದ. ಆ ಬ್ಯಾಗು ಅಂಗಡಿಯಿಂದ ತಂದದ್ದಲ್ಲವಂತೆ, ನೀನೇ ಹೊಲಿದದ್ದಂತೆ. ಹತ್ತು ದಿನದ ಹಿಂದೆ, ವಿಮಾನದಲ್ಲಿ ಎಷ್ಟು ಉದ್ದ, ಎಷ್ಟು ಅಗಲದ ಬ್ಯಾಗ್ ಬಿಡುತ್ತಾರೆ ನೋಡಿ ಹೇಳು ಅಂತ ಅವನಿಂದ ಅಳತೆ ಬರೆಸಿಕೊಂಡೆಯಂತೆ. ಅವನು ಯಾವುದೋ ಗಿರಾಕಿಯದ್ದು ಅಂದುಕೊಂಡನಂತೆ. ಇದನ್ನು ಕೇಳಿದ ಮೇಲಂತೂ ನನಗೆ ಪೂರ್ತಿ ಗೊಂದಲ. ನಲವತ್ತು ವರ್ಷದಿಂದ ಕತ್ತರಿ ಹಿಡಿದವಳು, ಅರ್ಧ ಬೆರಳನ್ನೂ ಸಹಿಸದವಳು, ಎರಡು ಬೆರಳು ಹೇಗೆ ತಪ್ಪಿದೆ? ಒಳಗೆ ಬಟ್ಟೆ ತುಂಬಿ ಉಬ್ಬಿತ್ತೋ, ಜಿಪ್ಪು ಎದ್ದು ನಿಂತಿತ್ತೋ, ನಮ್ಮ ಪಂಜರವೇ ಸೊಟ್ಟಗಿದೆಯೋ ದೇವರಿಗೇ ಗೊತ್ತು.

ನಿನ್ನೆ ಸಂಜೆ ಅಣ್ಣ ಮತ್ತೆ ಮಾತಾಡಿದ. ಬ್ಯಾಗಿನಲ್ಲಿ ಇದ್ದದ್ದು ನನ್ನ ಬಟ್ಟೆಗಳಂತೆ, ನಾಲ್ಕು ಅಂಗಿ, ಮೂರು ಪ್ಯಾಂಟು. ಮೂರು ವರ್ಷದ ಹಿಂದಿನ ನನ್ನ ಅಳತೆಗೆ ಹೊಲಿದವಂತೆ. ಬಂದ ಮಾರನೇ ಬೆಳಿಗ್ಗೆಯೇ ಅವನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂತೆಯಂತೆ. ಹುಡುಗಿ ಇಳಿದುಹೋಗಿದ್ದಾಳೆ, ಸೊಂಟದಲ್ಲಿ ಒಂದೂವರೆ ಬೆರಳು ಒಳಗೆ ತಗೋಬೇಕು ಅಂತ ಗೊಣಗುತ್ತಾ ಊದಿದ ಕಾಲಿನಲ್ಲೇ ಮೆಷಿನ್ ತುಳಿಯುತ್ತಿದ್ದೀಯಂತೆ. ಆವತ್ತು ನೀನು ನೋಡಿದ್ದು ನನ್ನ ಸಮವಸ್ತ್ರವನ್ನಲ್ಲ ಹಾಗಾದರೆ. ಕಾಲಿಗೆ ವಿಶ್ರಾಂತಿ ಕೊಡು ಅಮ್ಮ, ದಮ್ಮಯ್ಯ ಅನ್ನುತ್ತೇನೆ.

ಲಕೋಟೆಯ ಹಿಂದೆ ನನ್ನ ಮನೆಯ ವಿಳಾಸ ಬರೆದಿದ್ದೇನೆ. ಎರಡನೇ ಮಹಡಿ, ಬಲಗಡೆಯ ಬಾಗಿಲು, ಕರೆಗಂಟೆ ಕೆಟ್ಟಿದೆ, ತಟ್ಟಬೇಕು. ಇದನ್ನು ಇವತ್ತೇ ಕೊರಿಯರ್‌ಗೆ ಕೊಡುತ್ತೇನೆ, ನಾಳೆ ನಿನ್ನ ಕೈ ಸೇರುತ್ತದೆ. ಬುಧವಾರ ನನಗೆ ರಜೆ. ನೀನು ಬೇಡ ಅಂತ ಅಣ್ಣನ ಕೈಲಿ ಹೇಳಿಸದಿದ್ದರೆ ಬೆಳಗಿನ ರೈಲಿಗೆ ನಾನೇ ಬರುತ್ತೇನೆ. ಬಂದು ಏನು ಮಾತಾಡಬೇಕು ಅನ್ನುವುದು ಇನ್ನೂ ಗೊತ್ತಿಲ್ಲ.

ಗುಂಡಿ ಡಬ್ಬದಲ್ಲಿ ಕೈಯಾಡಿಸುತ್ತಾ ಬೆಳೆದದ್ದಕ್ಕೆ ನೀನೇ ಹೆಸರಿಟ್ಟ,
ನಿನ್ನ ಗುಂಡಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಕಾಗದ ಮಡಚಿ ಲಕೋಟೆಗೆ ಹಾಕಿ ಮತ್ತೆ ತೆಗೆದಿದ್ದೇನೆ. ಮೇಲ್ವಿಚಾರಕರು ನನ್ನ ಬೆನ್ನ ಹಿಂದೆ ಇರಲಿಲ್ಲ, ಆ ಹೊತ್ತಿಗೆ ಅವರು ಪಕ್ಕದ ಗೇಟಿನಲ್ಲಿದ್ದರು. ನಮ್ಮ ಪಂಜರವೂ ಸೊಟ್ಟಗಿಲ್ಲ. ನಿನ್ನ ಅಳತೆ ಎಳ್ಳಷ್ಟೂ ತಪ್ಪಿರಲಿಲ್ಲ ಅಮ್ಮ. ನಾನು ಬ್ಯಾಗನ್ನು ಬೇಕೆಂದೇ ಅಡ್ಡ ಇಟ್ಟೆ. ಉದ್ದಕ್ಕೆ ಇಟ್ಟಿದ್ದರೆ ಸಲೀಸಾಗಿ ಇಳಿಯುತ್ತಿತ್ತು. ನೀನು ಎದುರಿಗೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದೆ. ನಿನ್ನ ಕಣ್ಣಿಗೆ ಅದು ಬೀಳದೇ ಇರಲು ಸಾಧ್ಯವೇ ಇಲ್ಲ. ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ?