ಬೋಲ್ಟಿನ ಬುಡದ ಬಣ್ಣ

16 ಅಕ್ಟೋಬರ್ 2025, ಯಲಬುರ್ಗಾ

ಇದನ್ನು ಈ ದಿನಚರಿಯಲ್ಲೂ ಬರೆಯದೆ ಬಿಡುವವಳಿದ್ದೆ. ತಮ್ಮ ಪ್ರಭುರಾಜ ಸೈನ್ಯಕ್ಕೆ ಮರಳುವಾಗ ನನ್ನ ಬಳಿ ಬಿಟ್ಟುಹೋದ ಹಳೆಯ ಬೈಕನ್ನು ಕೆಡಿಸಿದವಳು ನಾನೇ.

ದಸರೆಯ ಖಂಡೇಪೂಜೆಗೆ ಚೆಂದ ಕಾಣಲೆಂದು ಬೋಲ್ಟುಗಳನ್ನು ಬಿಚ್ಚಿ ಕಪ್ಪು ಬಣ್ಣ ಹಚ್ಚಿದ್ದೆ. ಅಂದಿನಿಂದ ಸ್ಟಾರ್ಟ್ ಬಟನ್ ಒತ್ತಿದರೆ ಬರೀ ಟಕ್ ಟಕ್. ಹಬ್ಬಕ್ಕೆ ಮುಂಚೆ ಬ್ಯಾಟರಿ ಬದಲಿಸಿದ್ದ ಮೆಕ್ಯಾನಿಕ್ ಗಾಳೇಶ ಹೊಸದೆಂದು ಹಳೆ ಬ್ಯಾಟರಿ ಹಾಕಿದ್ದಾನೆ ಎಂದು ತಮ್ಮನಿಗೆ ಹೇಳಿದೆ. ಅವನು ಗಾಳೇಶನಿಗೇ ಫೋನು ಮಾಡಿ, ತನ್ನ ಬಾಲ್ಯದ ಗೆಳೆಯನನ್ನು ಕಳ್ಳ ಅಂದ.

ಆದರೂ ಗಾಳೇಶ ಇಂದು ಬಂದ. ಬ್ಯಾಟರಿಯಿಂದ ಎಂಜಿನ್ನಿಗೆ ಬೇರೊಂದು ತಂತಿ ಹಿಡಿದ, ಗಾಡಿ ಶುರುವಾಯಿತು. ಬ್ಯಾಟರಿಯ ತಂತಿಯನ್ನು ಗಾಡಿಯ ಮೈಗೆ ಕೂಡಿಸುವ ಅರ್ಥಿಂಗ್ ಬೋಲ್ಟ್ ಬಿಚ್ಚಿದ.

“ಅಕ್ಕಾರ, ಇದರ ಬುಡಕ ಬಣ್ಣ ಐತ್ರಿ. ಕರೆಂಟ್ ಹೆಂಗ ದಾಟಬೇಕು? ಯಾರು ಹಚ್ಯಾರ?”

“ಗೊತ್ತಿಲ್ಲಪ್ಪ,” ಅಂದೆ. ಬಣ್ಣದ ಡಬ್ಬಿ ಕಿಟಕಿಯಲ್ಲೇ ಇತ್ತು. ಅವನು ಅದನ್ನು ನೋಡಿದ. ಬಣ್ಣ ಉಜ್ಜಿ ತೆಗೆದು ಬೋಲ್ಟ್ ಬಿಗಿದ.

“ಪ್ರಭ್ಯಾಗ ಹೇಳ್ರಿ, ಗಾಡಿ ಛಲೋ ಐತಂತ,” ಎಂದು ಚಹಾ ಕುಡಿಯದೇ ಹೋದ.

‘ನಾನೇ ಹಚ್ಚಿದ್ದು’ ಎಂಬ ಅಷ್ಟು ಸಣ್ಣ ಮಾತು ಯಾಕೆ ಆಡಲಾಗಲಿಲ್ಲ? ಫೋನಿನಲ್ಲೂ ತಪ್ಪಿಸಿಕೊಳ್ಳುತ್ತೇನೆ, ಅದಕ್ಕೇ ಎಲ್ಲ ಒಪ್ಪಿಕೊಂಡು ತಮ್ಮನಿಗೆ ಪತ್ರ ಬರೆದಿಟ್ಟಿದ್ದೇನೆ. ದೀಪಾವಳಿ ಮುಗಿದ ಮೇಲೆ ಅಂಚೆಗೆ ಹಾಕುವೆ ಎಂದು ಇಲ್ಲಿ ಬರೆದು, ಆ ಸಾಲನ್ನು ಹೊಡೆದುಹಾಕಿದೆ. ನಾಳೆಯೇ ಹಾಕುವೆ, 17ಕ್ಕೆ.