ಅವ್ವ ಕೂರುವ ಟ್ರಂಕು

೧೪ ಮೇ ೨೦೨೫, ಬುಧವಾರ

ಅವ್ವನಿಗೆ,

ನಿನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದೇನೆ ಎಂದು ತಿಳಿದುಕೋ.

ಮೇಲೆ ತಾರೀಖು ಹಾಕಿದ್ದೇನೆ, ಊರಿನ ಹೆಸರು ಹಾಕಿಲ್ಲ. ಹಾಕಬಾರದೆಂದು ಈ ಆಶ್ರಯ ಮನೆಯವರು ಹೇಳಿದ್ದಾರೆ. ಮೊದಲು ಬರೆದ ಹಾಳೆಯಲ್ಲಿ ಈ ಮನೆಯ ಗೇಟಿನ ಬಣ್ಣ ಬರೆದುಬಿಟ್ಟಿದ್ದೆ. ಆಮೇಲೆ ಹೆದರಿಕೆಯಾಗಿ ಅದನ್ನು ಹರಿದು, ಮತ್ತೆ ಕೂತಿದ್ದೇನೆ. ಊಟ ಸರಿಯಾಗಿ ಸಿಗುತ್ತಿದೆ. ಮುದ್ದೆ ಮಾತ್ರ ನಿನ್ನದರಷ್ಟು ನುಣುಪಾಗಿರುವುದಿಲ್ಲ.

ಅಂಗನವಾಡಿಯ ವಿಶಾಲಾಕ್ಷಮ್ಮ ಟೀಚರ್ ಇದನ್ನು ತಂದು ನಿನಗೆ ಓದಿ ಹೇಳುತ್ತಾರೆ. ಅಪ್ಪ ಕಿತ್ತುಕೊಂಡು ಓದಿದರೂ ಓದಲಿ. ಅವರಿಗೆ ತಿಳಿಯಬೇಕಾದದ್ದೂ ಇದರಲ್ಲಿದೆ.

ಅವ್ವ, ನಾನು ಯಾರನ್ನೋ ನಂಬಿಕೊಂಡು ಓಡಿಹೋದೆ ಎಂದು ಊರಲ್ಲಿ ಹೇಳುತ್ತಿದ್ದಾರಂತೆ. ಯಾರೂ ಇಲ್ಲ. ಇದ್ದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲವೇನೋ. ನಿನ್ನ ತಮ್ಮ ತೀರ್ಥಪ್ಪ ಮಾವನನ್ನು ಮದುವೆಯಾಗಲಾರೆ, ಅಷ್ಟೇ. ಮಾವ ನನಗಿಂತ ಹದಿನೇಳು ವರ್ಷ ದೊಡ್ಡವನು. ಅಜ್ಜಂಪುರದ ಸಂತೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬತ್ತಾಸು ಕೊಡಿಸುತ್ತಿದ್ದವನು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ ಎಂದು ಎಲ್ಲರೂ ಹೇಳಿದರು. ನಾನು ಹುಟ್ಟಿದ ದಿನವೇ ಅಜ್ಜಿ ಮಾತು ಕೊಟ್ಟಿದ್ದಾಳೆ ಎಂದೂ ಹೇಳಿದರು. ಹುಟ್ಟಿದ ದಿನ ನಾನು ಅಳುತ್ತಿದ್ದೆನಲ್ಲ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೇ?

ಒಲ್ಲೆ ಎಂದು ಅಪ್ಪನಿಗೆ ಮೂರು ಸಲ ಹೇಳಿದ್ದೆ. ಮೂರನೆಯ ಸಲ ಕೆನ್ನೆಗೆ ಬಿತ್ತು, ಫೋನು ಅಪ್ಪನ ಜೇಬಿಗೆ ಹೋಯಿತು. ಹೂ ಮುಡಿಸುವ ಶಾಸ್ತ್ರದ ದಿನ ನಡುಮನೆಯ ತುಂಬ ಜನ. ಹಿರಿಯರೊಬ್ಬರು, "ಒಪ್ಗೆ ಏನವ್ವಾ?" ಎಂದು ಕೇಳಿದರು. ಕೇಳಿದ್ದು ಅವರೊಬ್ಬರೇ. ಅಷ್ಟು ಜನರ ಮುಂದೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಚಾಪೆಯ ಅಂಚು ನೋಡುತ್ತ ಕೂತೆ. ಹಿಂದಿನಿಂದ ಯಾರೋ, "ನಾಚ್ಕಂಡ್ಳು ಕಣ್ರೀ, ಇನ್ನೇನ್ ಕೇಳ್ತೀರ, ಮುಡ್ಸಿ ಹೂವ" ಎಂದರು. ಎಲ್ಲರೂ ನಕ್ಕರು. ಮುಡಿಸಿಬಿಟ್ಟರು. ಅವತ್ತು ಮಲ್ಲಿಗೆ ಮುಡಿಸಿದ್ದು ನನಗಲ್ಲ, ನಾನು ಸುಮ್ಮನಿದ್ದುದಕ್ಕೆ.

ನೀನು ಒಳಕೋಣೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದೆ. ಅದರ ಚಿಲಕ ಮುರಿದಾಗಿನಿಂದ ಮನೆಯ ಕಾಗದಪತ್ರಕ್ಕೆಲ್ಲ ನೀನೇ ಕಾವಲು. "ಬೀಗ ಯಾಕೆ, ಇವಳು ಕೂತ್ರೆ ಸಾಕು" ಎಂದು ಅಪ್ಪ ನಗುತ್ತಿದ್ದರು. ಹೂ ಮುಡಿಸಿದ ದಿನದಿಂದ ನೀನು ಊಟವನ್ನೂ ಅಲ್ಲೇ ಮಾಡುತ್ತಿದ್ದೆ. ನನ್ನ ಅಂಕಪಟ್ಟಿ, ಆಧಾರ್ ಎಲ್ಲ ಅದರೊಳಗೇ ಇತ್ತು. ಹೋದ ವಾರದ ಸೋಮವಾರ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ನಾನೇ ಕದ್ದು ತೆಗೆದುಕೊಂಡೆ. ತಪ್ಪಾಯಿತು. ಅವ್ವನದು ಇದರಲ್ಲಿ ಏನೂ ಇಲ್ಲ. ಅಪ್ಪ, ನೀವು ಓದುತ್ತಿದ್ದರೆ ಈ ಸಾಲನ್ನು ಎರಡು ಸಲ ಓದಿ.

ಪಂಚನಹಳ್ಳಿಯಿಂದ ಮೊದಲ ಬಸ್ಸು ಹತ್ತಿದೆ. ಕಡೂರಿನಲ್ಲಿ ಕಾಯಿ ವ್ಯಾಪಾರದವರಿಗೆಲ್ಲ ಅಪ್ಪ ಗೊತ್ತು. ಅದಕ್ಕೆ ಬಸ್ಸು ಬದಲಿಸುವಾಗ ವೇಲನ್ನು ಕಣ್ಣಿನವರೆಗೂ ಎಳೆದುಕೊಂಡಿದ್ದೆ. ತರೀಕೆರೆಯಲ್ಲಿ ಇಳಿದೆ. ಶಂಕರಘಟ್ಟಕ್ಕೆ ಎಂ.ಎ. ಓದಲು ಹೋಗುತ್ತಿದ್ದಾಗ ವಾರವಾರವೂ ಅಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅಲ್ಲಿನ ಕಂಬವೊಂದಕ್ಕೆ ಮಹಿಳಾ ಸಹಾಯವಾಣಿಯ ಚೀಟಿ ಅಂಟಿಸಿದ್ದರು, ೧೮೧ ಎಂದು. ಮಳೆಗೆ ಮಾಸಿದ್ದರೂ ನನಗೆ ಬಾಯಿಪಾಠವಾಗಿತ್ತು. ಆದರೆ ಮಾತಾಡಲು ಧೈರ್ಯ ಬರಲಿಲ್ಲ. ಎರಡು ಗಂಟೆ ಬೆಂಚಿನಲ್ಲಿ ಕೂತಿದ್ದೆ. ಮಾವನ ಕಡೆಯವರು ಇಳಿದಾರೆಂದು, ಅಜ್ಜಂಪುರದ ಬೋರ್ಡಿನ ಬಸ್ಸು ಬಂದಾಗಲೆಲ್ಲ ಹೆಂಗಸರ ಶೌಚಾಲಯಕ್ಕೆ ಹೋಗಿ ನಿಲ್ಲುತ್ತಿದ್ದೆ. ಮೂರನೆಯ ಸಲ ಅಲ್ಲಿ ದುಡ್ಡು ಇಸಕೊಳ್ಳುವ ಹೆಂಗಸು, "ಏನ್ ಮಗಾ, ಹೊಟ್ಟೆ ಕೆಟ್ಟೈತಾ, ಮನೆ ಕೆಟ್ಟೈತಾ?" ಎಂದು ಕೇಳಿದಳು. ನನಗೆ ಅಳು ಬಂತು. ಅವಳೇ ತನ್ನ ಫೋನಿನಿಂದ ಆ ನಂಬರು ಒತ್ತಿ ನನ್ನ ಕಿವಿಗೆ ಹಿಡಿದಳು. ಅವಳ ಹೆಸರು ಕೇಳಲಿಲ್ಲವಲ್ಲ ಎಂದು ಈಗ ಪೇಚಾಡುತ್ತೇನೆ.

ಜೀಪಿನಲ್ಲಿ ಬಂದು ಕರೆದುಕೊಂಡು ಹೋದವರು ಅಶ್ವಿನಿ ಮೇಡಂ. ಮಹಿಳಾ ಮತ್ತು ಮಕ್ಕಳ ಇಲಾಖೆಯವರು. ಕಚೇರಿಯಲ್ಲಿ ಅವರು ಏನು ಕೇಳಿದರೂ ನಾನು ಟೇಬಲ್ಲಿನ ಗಾಜು ನೋಡುತ್ತ ಕೂತಿದ್ದೆ. ಅವರು ನಗಲಿಲ್ಲ, ಒಪ್ಪಿಗೆ ಎಂದೂ ತಿಳಿಯಲಿಲ್ಲ. "ಹೇಳೋಕಾಗ್ದಿದ್ರೆ ಬರೀರಿ" ಎಂದು ಹಾಳೆ ಕೊಟ್ಟು ಎದ್ದುಹೋದರು. ಊರವರ ಪಿಂಚಣಿಗೆ, ಬೋರ್‌ವೆಲ್ ಕನೆಕ್ಷನ್ನಿಗೆ ಎಷ್ಟು ಅರ್ಜಿ ಬರೆದುಕೊಟ್ಟಿಲ್ಲ ನಾನು! ಅವತ್ತು "ಮಾನ್ಯರೇ" ಎಂದು ಬರೆದ ಮೇಲೆ ಕೈ ನಿಂತುಬಿಟ್ಟಿತು. ಅಪ್ಪನ ಹೆಸರು ಬರೆಯಬೇಕಿತ್ತಲ್ಲ.

ಆಮೇಲೆ ಅವರು ಒಂದು ನಮೂನೆ ತೋರಿಸಿದರು. ಮನೆಯೊಳಗಿನ ಹಿಂಸೆಯ ಬಗೆಗಳನ್ನು ಅದರಲ್ಲಿ ಸಾಲಾಗಿ ಅಚ್ಚು ಹಾಕಿದ್ದಾರೆ. ಹೊಡೆಯುವುದು, ಬೈಯುವುದು, ಹೀಗೆ. ನಡುವೆ ಒಂದು ಸಾಲು: ಇಷ್ಟವಿಲ್ಲದ ಮದುವೆಗೆ ಬಲವಂತ ಮಾಡುವುದು. ಅದನ್ನು ಮತ್ತೆ ಮತ್ತೆ ಓದಿದೆ, ಅವ್ವ. ನನ್ನ ಕಥೆ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಅದು ಆಗಲೇ ಅಚ್ಚಾಗಿತ್ತು.

ಶುಕ್ರವಾರ ನ್ಯಾಯಾಲಯದಿಂದ ತಾತ್ಕಾಲಿಕ ಆದೇಶ ಸಿಕ್ಕಿತು. ಅಪ್ಪನಾಗಲಿ ಮಾವನಾಗಲಿ ನನ್ನ ಹತ್ತಿರ ಬರುವಂತಿಲ್ಲ, ಮದುವೆಗೆ ಒತ್ತಾಯಿಸುವಂತಿಲ್ಲ. ಸರ್ಕಾರದ ವಕೀಲರೇ ನಿಂತು ವಾದ ಮಾಡಿದರು. ಆ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಪರೀಕ್ಷೆಗೆ ಓದಿದ ಹಾಗೆ ಓದಿದ್ದೇನೆ. ಆದರೂ ಬೀದಿಯಲ್ಲಿ ಬುಲೆಟ್ ಗಾಡಿಯ ಸದ್ದಾದರೆ ಎದ್ದು ಬಾಗಿಲ ಚಿಲಕ ನೋಡಿ ಬರುತ್ತೇನೆ. ಮಾವನ ಗಾಡಿಯ ಸದ್ದನ್ನು ಕಾಗದಕ್ಕೆ ಗುರುತಿಸಲು ಬರುವುದಿಲ್ಲವಲ್ಲ.

ಈಗ ನಿಜವಾದ ಭಯ ಹೇಳುತ್ತೇನೆ. ಮೊನ್ನೆ ಸೋಮವಾರ ಕಚೇರಿಗೆ ಅಪ್ಪನನ್ನೂ ಮಾವನನ್ನೂ ಕರೆಸಿದ್ದರು. ನಾನು ಪಕ್ಕದ ಕೋಣೆಯಲ್ಲಿ ಕಪಾಟಿಗೆ ಒರಗಿ ನಿಂತಿದ್ದೆ. ಅಪ್ಪ ಹೆಚ್ಚು ಮಾತಾಡಲಿಲ್ಲ. ಮಾವ ಗಟ್ಟಿಯಾಗಿ ಹೇಳಿದ: "ಅವಳು ಬರ್ಲಿಲ್ಲಾಂದ್ರೆ ಹೋಗ್ಲಿ ಬಿಡ್ರೀ ಮೇಡಂ. ಹಾಕಿದ್ ಚಪ್ಪರ ಖಾಲಿ ಬಿಡೋಕಾಯ್ತದಾ? ಚಿಕ್ಕೋಳು ಸ್ಫೂರ್ತಿ ಅವ್ಳೆ ಅಲ್ವಾ." ಮೇಡಂ ನನ್ನ ತಂಗಿಯ ವಯಸ್ಸು ಕೇಳಿದರು. ಅಪ್ಪ, "ಹತ್ತೊಂಬತ್ತು ತುಂಬೈತೆ" ಎಂದರು.

ಅಪ್ಪ, ಸ್ಫೂರ್ತಿಗೆ ಹದಿನೇಳು. ಕಾರ್ತಿಕ ಮಾಸದಲ್ಲಿ ಹುಟ್ಟಿದ್ದು. ನೀವೇ ಅವಳನ್ನು ಮಡಿಲಲ್ಲಿಟ್ಟುಕೊಂಡು ಕಿವಿ ಚುಚ್ಚಿಸಿದಿರಿ. ಅವಳು ಅತ್ತರೆ ನಿಮ್ಮ ಕಣ್ಣಲ್ಲೂ ನೀರು ಬಂದಿತ್ತು. ಹದಿನೆಂಟು ತುಂಬದವಳ ಮದುವೆ ಮಾಡಿಸಿದವರನ್ನು, ಚಪ್ಪರದಲ್ಲಿ ನಿಂತು ಅಕ್ಷತೆ ಹಾಕಿದವರನ್ನು ಯಾರನ್ನೂ ಕಾನೂನು ಬಿಡುವುದಿಲ್ಲ. ನಾನು ಹೆದರಿಸುತ್ತಿಲ್ಲ. ನಾನೇ ಹೆದರಿದ್ದೇನೆ. ನಾನು ತಪ್ಪಿಸಿಕೊಂಡ ಜಾಗದಲ್ಲಿ ಅವಳನ್ನು ಕೂರಿಸಿದರೆ, ಬಿಟ್ಟುಬಂದವಳು ನಾನೇ ಆಗುತ್ತೇನೆ. ವಾಪಸ್ಸು ಬಂದು ಹಸೆಯ ಮೇಲೆ ಕೂತುಬಿಡೋಣ ಎಂದು ಎರಡು ಸಲ ಚಪ್ಪಲಿ ಹಾಕಿಕೊಂಡಿದ್ದೆ, ಅವ್ವ. ಎರಡು ಸಲವೂ ಅಶ್ವಿನಿ ಮೇಡಂ ಬಾಗಿಲಲ್ಲಿ ನಿಂತು, "ನೀವು ಹೋದ್ರೆ ಅವಳು ಉಳೀತಾಳೆ ಅಂತ ಯಾರ್ ಬರ್ಕೊಡ್ತಾರೆ?" ಎಂದರು.

ಸ್ಫೂರ್ತಿಗೆ ಚೆನ್ನಾಗಿ ಓದಿಕೊಳ್ಳಲು ಹೇಳು. ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ನೀನು ಬಿ.ಪಿ. ಮಾತ್ರೆ ತಪ್ಪಿಸಬೇಡ.

ಮಾತು ಬಾರದ ನಿನ್ನ ಮಗಳು,
ಶರ್ಮಿಳಾ

ಮತ್ತೆ: ಈ ಚೀಟಿಯನ್ನು ವಿಶಾಲಾಕ್ಷಮ್ಮ ಬೇರೆಯಾಗಿ ನಿನ್ನ ಕೈಗೆ ಕೊಡುತ್ತಾರೆ. ಅವರಿಂದ ಓದಿಸಬೇಡ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಒಂದನೇ ಕ್ಲಾಸಿನಲ್ಲಿ ನಾನು ತಿದ್ದುವಾಗ ನೀನೂ ಒಲೆಯ ಮುಂದೆ ಬೂದಿಯಲ್ಲಿ ತಿದ್ದಿ ಕಲಿತದ್ದು ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಓದಿ ಒಲೆಗೆ ಹಾಕು. ಆ ಸೋಮವಾರ ನೀನು ಸ್ನಾನಕ್ಕೆ ಹೋಗಿರಲಿಲ್ಲ. ನಾನು ಎದುರು ಬಂದು ನಿಂತಾಗ ನನ್ನ ಮುಖ ನೋಡಿದೆ. "ಎಮ್ಮೆ ಕಟ್ಟಿ ಬತ್ತೀನಿ" ಎಂದು ಟ್ರಂಕಿನ ಮೇಲಿಂದ ಎದ್ದು ಹಿತ್ತಲಿಗೆ ಹೋದೆ. ನಾವು ಎಮ್ಮೆ ಮಾರಿ ಮೂರು ವರ್ಷವಾಯಿತು. ಇದನ್ನು ನಾನು ಪೊಲೀಸರಿಗೂ ಹೇಳಿಲ್ಲ, ನ್ಯಾಯಾಧೀಶರಿಗೂ ಹೇಳಿಲ್ಲ. ನಾಡಿದ್ದು ಶುಕ್ರವಾರ ಹನ್ನೊಂದು ಗಂಟೆಗೆ ಅಶ್ವಿನಿ ಮೇಡಂ ಪೊಲೀಸರ ಜೊತೆ ನಮ್ಮ ಮನೆಗೆ ಬರುತ್ತಾರೆ. ಶಾಲೆಗೆ ಬೇಸಿಗೆ ರಜೆ. ಅಲ್ಲಿಂದ ಸ್ಫೂರ್ತಿಯ ವಯಸ್ಸಿನ ದಾಖಲೆ ತರಿಸುವಷ್ಟರಲ್ಲಿ ಭಾನುವಾರದ ಮದುವೆ ಮುಹೂರ್ತ ಮುಗಿದಿರುತ್ತದೆ. ಅವಳು ಹುಟ್ಟಿದ ತಾರೀಖು ಇರುವ ಅಂಕಪಟ್ಟಿ ಟ್ರಂಕಿನೊಳಗೆ ನಿನ್ನ ಧಾರೆ ಸೀರೆಯ ಮಡಿಕೆಯಲ್ಲಿದೆ, ಮೇಡಂಗೂ ಹೇಳಿದ್ದೇನೆ. ನೀನು ಅಪ್ಪನ ಎದುರು ಒಂದು ಮಾತೂ ಆಡಬೇಕಿಲ್ಲ, ತಮ್ಮನ ಮುಖವನ್ನೂ ನೋಡಬೇಕಿಲ್ಲ. ಅವರು ಬಂದಾಗ ಇನ್ನೊಂದೇ ಒಂದು ಸಲ ಎಮ್ಮೆ ಕಟ್ಟಲು ಹೋಗು, ಅವ್ವ.