ಬಲ್ಬಿಲ್ಲದ ಕಂಬ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ಎರಡು ವರ್ಷದಿಂದ ನಿನ್ನಿಂದ ಬಚ್ಚಿಟ್ಟ ಒಂದು ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ನಿನ್ನ ಭಾಷಣ ಕೇಳುವುದಕ್ಕೆ ನಾನು ಬರುತ್ತಿದ್ದೆ. ‘ನನಗೂ ರಾಜಕೀಯಕ್ಕೂ ಆಗಿಬರುವುದಿಲ್ಲ, ನನ್ನನ್ನು ಕರೆಯಬೇಡ’ ಎಂದು ನಿನ್ನ ಮುಖದ ಮೇಲೇ ಹೇಳಿದವನು ನಾನು. ಆದರೆ ಗ್ಯಾರೇಜಿಗೆ ರಜೆ ಹಾಕಿ, ಸಿಕ್ಕ ಲಾರಿ ಹತ್ತಿ, ನೀನು ಮಾತಾಡುವ ಊರಿಗೆ ಬಂದು ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದೆ. ನಿನ್ನ ಕಣ್ಣಿಗೆ ಬೀಳಬಾರದೆಂದು ಟೋಪಿ ಬೇರೆ. ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ, ನನ್ನ ಬಾಯಿ ಎಂಥದೆಂದು ನಿನಗೆ ಗೊತ್ತೇ ಇದೆ.

ಉತ್ತರ ಬರೆಯಲು ಇಷ್ಟು ತಡವಾದದ್ದಕ್ಕೆ ಬೇಜಾರಾಗಬೇಡ. ‘ಸುತ್ತಲಿನ ಊರುಗಳೆಲ್ಲ ನನ್ನ ಕಡೆ ತಿರುಗಿವೆ, ನಾನು ಹುಟ್ಟಿ ಬೆಳೆದ ಪೇಟೆಯೊಂದೇ ಕಲ್ಲಿನ ಹಾಗೆ ಕೂತಿದೆ, ಪಕ್ಷದವರು ಅದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ, ಬೆಣ್ಣೆ ಹಚ್ಚದೆ ಹೇಳುವವನು ನೀನೊಬ್ಬನೇ, ವಿಚಾರಿಸಿ ಬರೆ’ ಎಂದು ನೀನು ಕಾಗದದಲ್ಲಿ ಕೇಳಿದ್ದೆ. ವಿಚಾರಿಸಿದೆ. ಉತ್ತರ ಬೇಗನೇ ಸಿಕ್ಕಿತು, ಬರೆಯಲು ಕೈ ಬರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈಗ ನಿನ್ನ ಫೋನು ಎತ್ತುವವರು ಒಬ್ಬರು, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು ಇನ್ನೊಬ್ಬರು.

ಅಮ್ಮ ಚೆನ್ನಾಗಿದ್ದಾಳೆ. ಇಸ್ತ್ರಿ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಿದ್ದಾಳೆ. ಬೆಳಕು ಸಾಲುವುದಿಲ್ಲವಂತೆ. ನಿಜವಾದ ಕಾರಣ, ಎದುರು ಗೋಡೆಯ ಮೇಲೆ ನಿನ್ನ ಪೋಸ್ಟರ್ ಅಂಟಿಸಿದ್ದಾರೆ. ಪೇಟೆಯ ಅರ್ಧ ಜನರ ಬಟ್ಟೆಗೆ ಇಸ್ತ್ರಿ ಹಾಕುತ್ತ ಅದನ್ನು ನೋಡುತ್ತಿರುತ್ತಾಳೆ. ನೋಡಿದಷ್ಟು ಸಲವೂ ಒಂದೇ ದೂರು: ‘ಕಾಲರ್ ಸುಕ್ಕಾಗಿದೆ. ಇವಳಿಗೆ ಅಲ್ಲಿ ಯಾರು ಇಸ್ತ್ರಿ ಮಾಡಿಕೊಡ್ತಾರೋ.’

ಅಕ್ಕಾ, ಗಿರಣಿಯ ಊರಿನಲ್ಲಿ ಕರೆಂಟು ಹೋದ ದಿನ ನಾನಲ್ಲಿದ್ದೆ. ಮೈಕು ಸತ್ತಿತು. ವೇದಿಕೆಯ ಮೇಲಿದ್ದ ದೊಡ್ಡವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ನೀನು ಕೆಳಗಿಳಿದು ಜನರ ನಡುವೆ ನಿಂತು, ಬರೀ ಗಂಟಲಿನಲ್ಲಿ ಮಾತಾಡಿದೆ. ಕೆಲಸ ಕಳೆದುಕೊಂಡವರನ್ನು ಮತ್ತೆ ಗಿರಣಿಯ ಗೇಟಿನೊಳಗೆ ನಡೆಸಿಕೊಂಡು ಹೋದ ವಕೀಲೆ ಇವಳೇ ಎಂದು ಪಕ್ಕದಲ್ಲಿದ್ದ ಮುದುಕ ನನಗೇ ಪರಿಚಯ ಮಾಡಿಕೊಟ್ಟ. ನನ್ನೆದೆ ಎರಡು ಅಂಗಿಗೆ ಆಗುವಷ್ಟು ಉಬ್ಬಿತ್ತು.

ಕೇಸಿನ ಮಾತು ಮುಗಿಸಿ ನೀನು ನಿನ್ನ ಕಥೆ ಹೇಳಿದೆ. ಅಪ್ಪ ತೀರಿಹೋದದ್ದು, ಮನೆಗೆ ಕರೆಂಟು ಇಲ್ಲದ್ದು, ಬೀದಿಯ ಮೂಲೆಯ ದೀಪದ ಕಂಬದ ಕೆಳಗೆ ಕೂತು ವಕೀಲಿಕೆ ಓದಿದ್ದು, ಎಷ್ಟೋ ರಾತ್ರಿ ಮೂವರೂ ನೀರು ಕುಡಿದು ಮಲಗಿದ್ದು. ಹೆಂಗಸರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ವಾಪಸು ಬರುವಾಗ, ಲಾರಿಯ ಹಿಂದೆ ಗಾಳಿಗೆ ಕೂತಿದ್ದಾಗ ನೆನಪಾಯಿತು: ನಮ್ಮ ಮೂಲೆಯ ಕಂಬದಲ್ಲಿ ಬಲ್ಬೇ ಇರಲಿಲ್ಲ.

ನಿನ್ನ ಭಾಷಣ ನಮ್ಮ ಬೀದಿಗೆ ಬರುವುದಿಲ್ಲವೆಂದು ನೀನು ತಿಳಿದಿರಬಹುದು. ಎಲ್ಲಿ ಮಾತಾಡಿದರೂ ಸಂಜೆಯೊಳಗೆ ಕಟಿಂಗ್ ಅಂಗಡಿಯವನ ಫೋನಿಗೆ ಬಂದಿರುತ್ತದೆ. ಅದನ್ನು ಕನ್ನಡಿಗೆ ಒರಗಿಸಿಟ್ಟು, ಅರ್ಧ ಗಡ್ಡ ಹೆರೆಸಿಕೊಂಡವರು, ಹೆರೆಸಿಕೊಳ್ಳಬೇಕಾದವರು, ಗಡ್ಡವೇ ಬಾರದವರು ಎಲ್ಲರೂ ನೋಡುತ್ತಾರೆ. ಕಂಬದ ಮಾತು ಮೊದಲ ಸಲ ಬಂದಾಗ ಕಟಿಂಗ್ ಅಂಗಡಿಯವನು ಕತ್ತರಿ ನಿಲ್ಲಿಸಿ, ‘ಮಳೆ ಬಂದಾಗ ಏನು ಮಾಡ್ತಿದ್ದಳಂತೆ? ಕಂಬವನ್ನೇ ಕಿತ್ತುಕೊಂಡು ಮನೆಯೊಳಗೆ ಹೋಗ್ತಿದ್ದಳಾ?’ ಎಂದು ಕೇಳಿದ. ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಟೈಲರ್ ಮಾಮ ನಗಲಿಲ್ಲ. ಪೇಪರ್ ಮಡಚಿಟ್ಟು ಎದ್ದುಹೋದರು.

ನೀನು ಹೇಳಿದ ಹಾಗೆ ಎಲ್ಲರನ್ನೂ ಕೇಳಿದೆ. ಮೊದಮೊದಲು ಸಿಕ್ಕಿದ್ದು ಮಾಮೂಲಿ ಮಾತುಗಳೇ. ವರ್ಷಕ್ಕೊಮ್ಮೆ ಬರುತ್ತೀಯ, ಬಂದರೂ ಕಾರು ಬೀದಿಯ ತುದಿಯಲ್ಲೇ ನಿಲ್ಲುತ್ತದೆ, ಕಾರಿನ ಹುಡುಗರು ಇಲ್ಲಿಯವರನ್ನೇ ‘ಯಾರು ನೀವು’ ಎಂದು ಕೇಳುತ್ತಾರೆ. ಕಟಿಂಗ್ ಅಂಗಡಿಯವನದು ಬೇರೆ ತಕರಾರು. ಅವನ ಭಾಮೈದ ಕುಡಿದು ಯಾರದೋ ತಲೆ ಒಡೆದಾಗ ಬಿಡಿಸಿಕೊಡು ಎಂದು ನಿನ್ನ ಹತ್ತಿರ ಬಂದಿದ್ದನಂತೆ. ‘ಮೊದಲು ಆಸ್ಪತ್ರೆಗೆ ಹೋಗಿ ತಲೆ ಒಡೆಸಿಕೊಂಡವನ ಕಾಲು ಹಿಡಿ’ ಎಂದು ಕಳಿಸಿದೆಯಂತೆ. ಇದನ್ನು ದೂರಿನ ಹಾಗೆಯೇ ಶುರು ಮಾಡಿದ. ಮುಗಿಸುವ ಹೊತ್ತಿಗೆ, ‘ಅವಳು ಯಾರಪ್ಪನಿಗೂ ಹೆದರೋಳಲ್ಲ’ ಎಂದು ಕುರ್ಚಿಯಲ್ಲಿದ್ದವನ ಕುತ್ತಿಗೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ. ಬೈಯುತ್ತ ಬೈಯುತ್ತ ಹೆಮ್ಮೆಪಡುತ್ತಾರೆ ಅಕ್ಕಾ. ಹೊಟ್ಟೆಕಿಚ್ಚಿನವರ ಬೈಗುಳ ಹಾಗಿರುವುದಿಲ್ಲ.

ಕೆಳಗಿನ ಮನೆಯ ಅತ್ತೆ ಮಾತ್ರ ನನ್ನನ್ನು ಮೆಟ್ಟಿಲ ಮೇಲೇ ನಿಲ್ಲಿಸಿಕೊಂಡರು. ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟು ಇತ್ತು, ಕೆಳಗಿಡಲಿಲ್ಲ. ‘ನೀರು ಕುಡಿದು ಮಲಗಿದ್ರಂತೆ, ಹೌದಾ? ಹಾಗಾದ್ರೆ ನಾನು ಮೇಲೆ ಕಳಿಸ್ತಿದ್ದ ತಟ್ಟೆ ಯಾರು ತೊಳೆದು ತಂದುಕೊಡ್ತಿದ್ರು?’ ಎಂದರು. ತೊಳೆದು ತಂದುಕೊಡುತ್ತಿದ್ದವನು ನಾನೇ. ಹಾಗೆಂದು ಹೇಳಿದೆ. ‘ಅಷ್ಟಾದರೂ ನೆನಪಿದೆಯಲ್ಲ’ ಎಂದು ಬಟ್ಟೆ ಒಣಹಾಕಲು ಹೋದರು. ಅಂದಿನಿಂದ ಅಮ್ಮ, ಅತ್ತೆ ನೀರು ಹಿಡಿಯುವ ಹೊತ್ತಿನಲ್ಲಿ ನಲ್ಲಿಗೆ ಹೋಗುವುದಿಲ್ಲ. ಕೇಳಿದರೆ ಮಂಡಿ ನೋವು ಎನ್ನುತ್ತಾಳೆ. ಭಾಷಣದಲ್ಲಿ ಆ ಭಾಗ ಬಂತೆಂದರೆ ಫೋನನ್ನು ಕವುಚಿಟ್ಟು, ‘ವೇದಿಕೆ ಮೇಲೆ ಹಾಗೇ ಹೇಳಬೇಕೇನೋ’ ಎಂದು ಇಸ್ತ್ರಿಪೆಟ್ಟಿಗೆ ಹಿಡಿಯುತ್ತಾಳೆ.

ಕೊನೆಗೆ ಟೈಲರ್ ಮಾಮನ ಅಂಗಡಿಗೆ ಹೋದೆ. ಮಾಮ ಯಾರದೋ ಕೋಟಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಸುತ್ತಿ ಬಳಸುವುದು ನನಗೆ ಬರುವುದಿಲ್ಲ, ನೇರವಾಗಿ ಕೇಳಿದೆ.

‘ಮಾಮ, ಅಕ್ಕನಿಗೆ ಯಾಕೆ ಓಟು ಹಾಕಲ್ಲ?’

‘ಹಾಕಲ್ಲ ಅಂತ ಯಾರು ಹೇಳಿದ್ರು?’

‘ನಿಮ್ಮ ಮುಖ.’

ಗೆರೆಯನ್ನು ಪೂರ್ತಿ ಎಳೆದು ಮುಗಿಸಿದರು. ಆಮೇಲೆ ಹೇಳಿದರು: ‘ಕಂಬದ ಕಥೆ ಚೆನ್ನಾಗಿ ಹೇಳ್ತಾಳೆ. ನನಗೂ ಅಳು ಬಂತು. ಆಮೇಲೆ ಯೋಚನೆ ಮಾಡಿದರೆ, ಆ ಕಥೆಯಲ್ಲಿ ಈ ಬೀದಿಯಲ್ಲಿ ಮನುಷ್ಯರೇ ಇಲ್ಲ ನೋಡು.’

ಅಷ್ಟೇ ಅಂದದ್ದು. ಉಳಿದದ್ದನ್ನು ಅವರು ಸತ್ತರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಿನ್ನ ಪರೀಕ್ಷೆಯ ತಿಂಗಳುಗಳಲ್ಲಿ ಮಾಮ ‘ಕೆಲಸ ಬಾಕಿ ಇದೆ, ಅಂಗಡಿ ತೆಗೆದೇ ಇರ್ತೀನಿ, ಬೇಕಾದ್ರೆ ಬಂದು ಓದಿಕೋ’ ಎನ್ನುತ್ತಿದ್ದರು. ನೀನು ಹೊಲಿಗೆ ಯಂತ್ರದ ದೀಪದ ಕೆಳಗೆ ಬೆನ್ನು ತಿರುಗಿಸಿ ಓದುತ್ತಿದ್ದೆ. ನಾನು ಬಟ್ಟೆಚೂರುಗಳ ಗುಡ್ಡೆಯ ಮೇಲೆ ಮಲಗಿ ಮಾಮನನ್ನೇ ನೋಡುತ್ತಿದ್ದೆ. ಬಾಕಿ ಕೆಲಸ ಯಾವುದೂ ಇರಲಿಲ್ಲ. ಒಂದು ದಿಂಬಿನ ಕವರನ್ನು ಹೊಲಿಯುತ್ತಿದ್ದರು, ಹೊಲಿಗೆ ಬಿಚ್ಚುತ್ತಿದ್ದರು, ಮತ್ತೆ ಅದನ್ನೇ ಹೊಲಿಯುತ್ತಿದ್ದರು. ಸುಮ್ಮನೆ ಕೂತರೆ ನೀನು ಸಂಕೋಚದಿಂದ ಎದ್ದುಹೋಗುತ್ತೀಯೆಂದು. ನಿನಗಿದು ಗೊತ್ತಿರಲಿಕ್ಕಿಲ್ಲ. ಆದರೆ ದೀಪ ಯಾರದೆಂಬುದು ಗೊತ್ತಿತ್ತಲ್ಲ.

ಇನ್ನೊಂದು ಸಂಗತಿ ಕೇಳು. ಹೋದ ಗುರುವಾರ ಎದುರು ಪಕ್ಷದ ಕಡೆಯಿಂದ ಇಬ್ಬರು ಕ್ಯಾಮೆರಾ ಹಿಡಿದುಕೊಂಡು ಬಂದಿದ್ದರು. ನಮ್ಮ ಬೀದಿ ನಿನ್ನ ಮೇಲೆ ಮುನಿಸಿಕೊಂಡಿದೆಯೆಂದು ಅವರಿಗೆ ಯಾರು ಹೇಳಿದರೋ. ನೇರವಾಗಿ ಟೈಲರ್ ಅಂಗಡಿಗೇ ಬಂದರು. ನಾನು ಬಾಗಿಲಲ್ಲೇ ಇದ್ದೆ. ಒಬ್ಬ ಬಹಳ ವಿನಯದಿಂದ, ‘ಅವರು ಓದಿದ ಕಂಬ ಇದೇನಾ? ಇದರಲ್ಲಿ ದೀಪವೇ ಇರಲಿಲ್ಲವಂತೆ?’ ಎಂದು ಕೇಳಿದ. ಮಾಮ ಒಂದು ಮಾತು ಹೇಳಿದ್ದರೆ ಸಾಕಿತ್ತು, ಮರುದಿನ ಊರೂರಿಗೆ ನಿನ್ನ ಮರ್ಯಾದೆ ಹರಾಜಾಗುತ್ತಿತ್ತು. ಹೇಳಲಿಕ್ಕೆ ಅವರಿಗೆ ಎಲ್ಲ ಕಾರಣವೂ ಇತ್ತು.

ಮಾಮ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ‘ಇದೇ ಕಂಬ. ಆಗ ಬಲ್ಬಿತ್ತು. ಈಗ ಇಲ್ಲ’ ಎಂದರು.

ಕ್ಯಾಮೆರಾದವರು ನೀರು ತರುತ್ತಿದ್ದ ಅತ್ತೆಯನ್ನು ನಿಲ್ಲಿಸಿ ಹಸಿವಿನ ವಿಷಯ ಕೇಳಿದರು. ಅತ್ತೆ ಕೊಡ ಇಳಿಸದೆಯೇ, ‘ಹಸಿದಿದ್ರು. ಕಣ್ಣಾರೆ ನೋಡಿದ್ದೀನಿ’ ಎಂದು ಹೇಳಿ ಮನೆಯೊಳಗೆ ಹೋದರು. ಬಂದವರು ಮುಖ ಸಪ್ಪಗೆ ಮಾಡಿಕೊಂಡು, ಮಂಗಳವಾರ ಮತ್ತೆ ಬರುತ್ತೇವೆ ಎಂದು ಹೋದರು.

ನನಗೆ ಮೈಯೆಲ್ಲ ಉರಿಯಿತು. ಯಾಕೆ ಸುಳ್ಳು ಹೇಳಿದಿರಿ ಎಂದು ಮಾಮನ ಮೇಲೆ ಹರಿಹಾಯ್ದೆ. ಅವರು ಮತ್ತೆ ಪಿನ್ನು ಬಾಯಿಗಿಟ್ಟುಕೊಳ್ಳುವ ಮೊದಲು, ‘ನಮ್ಮ ಹುಡುಗಿಯನ್ನು ಹೊರಗಿನವರ ಕೈಗೆ ಕೊಡಕ್ಕಾಗತ್ತಾ?’ ಎಂದರು. ಹಾಗಾದರೆ ಓಟು ಎಂದೆ. ‘ಅದು ನಾನೂ ಅವಳೂ ನೋಡಿಕೊಳ್ಳೋ ವಿಷಯ. ನೀನು ಗ್ಯಾರೇಜಿಗೆ ಹೋಗು.’

ಅಕ್ಕಾ, ಗಿರಣಿಯ ಊರಿನಲ್ಲಿ ನಿನ್ನನ್ನು ನೋಡಿದಾಗ ಎಷ್ಟು ಹೆಮ್ಮೆಯಾಗಿತ್ತೋ ಆ ದಿನ ಗ್ಯಾರೇಜಿಗೆ ನಡೆದುಹೋಗುವಾಗ ಅಷ್ಟೇ ಹೆಮ್ಮೆಯಾಯಿತು. ಸಿಟ್ಟೂ ಇತ್ತು, ಆದರೂ ಹೆಮ್ಮೆಯೇ ಹೆಚ್ಚು. ನೀನು ಯಾರಿಗೂ ಹೆದರುವುದಿಲ್ಲ, ಯಾರ ಮುಂದೆಯೂ ಕೈಯೊಡ್ಡುವುದಿಲ್ಲ ಎಂದು ಊರೂರಲ್ಲಿ ಹೊಗಳುತ್ತಾರಲ್ಲ, ಆ ಸೊಕ್ಕು ನಿನಗೆ ಎಲ್ಲಿಂದ ಬಂತೆಂದು ಅವತ್ತು ಗೊತ್ತಾಯಿತು. ಇದೇ ಬೀದಿಯದು. ನಿನ್ನ ಕೈಯಿಂದ ಒಂದು ‘ಥ್ಯಾಂಕ್ಸ್’ ಕೂಡ ಇವರು ಕೇಳಿ ಪಡೆಯುವವರಲ್ಲ. ಹಾಗೆಂದು ಮರೆತದ್ದನ್ನು ಕ್ಷಮಿಸುವವರೂ ಅಲ್ಲ.

ಬೇರೆ ಊರಿನವರಿಗೆ ನೀನು ಹೇಳಿದ್ದೇ ನಿನ್ನ ಬದುಕು. ಇಲ್ಲಿಯವರು ಆ ಬದುಕಿನ ಒಳಗಿದ್ದವರು. ಒಳಗಿದ್ದವರನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿ, ಆಮೇಲೆ ಅದೇ ಬಾಗಿಲಿಗೆ ಓಟು ಕೇಳಲು ಬಂದರೆ ಹೇಗೆ? ನಿನ್ನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು.

ಏನು ಮಾಡಬೇಕೆಂದು ಕೇಳಿದರೆ, ಇಲ್ಲಿಗೆ ವೇದಿಕೆ, ಹಾರ, ಶಾಲು ತರಬೇಡ. ಮಾಮನಿಗೆ ಶಾಲು ಹೊದಿಸಿದರೆ ಅದನ್ನು ಬಿಚ್ಚಿ, ಅಂಚಿನ ಹೊಲಿಗೆ ಸರಿಯಿಲ್ಲವೆಂದು ವಾಪಸು ಕೊಡುತ್ತಾರೆ. ನೀನು ಎಲ್ಲಿ ಮಾತಾಡುತ್ತೀಯೋ ಅಲ್ಲೇ, ಇವರ ಹೆಸರು ಕೇಳಿಯೇ ಇರದ ಜನರ ಮುಂದೆ, ದೀಪ ಒಬ್ಬ ಟೈಲರನದಾಗಿತ್ತು, ತಟ್ಟೆ ಕೆಳಗಿನ ಮನೆಯಿಂದ ಬರುತ್ತಿತ್ತು ಎಂದು ಹೇಳು. ಸಂಜೆಯೊಳಗೆ ಕಟಿಂಗ್ ಅಂಗಡಿಯ ಕನ್ನಡಿಗೆ ತಲುಪುತ್ತದೆ. ಒಬ್ಬಂಟಿ ಹುಡುಗಿಗೆ ಬಿದ್ದಷ್ಟು ಚಪ್ಪಾಳೆ ಇದಕ್ಕೆ ಬೀಳದಿರಬಹುದು, ಹೆಂಗಸರು ಅಳದೆಯೂ ಇರಬಹುದು. ಆದರೂ ಹೇಳು. ಮುಂದಿನ ಭಾನುವಾರ ಓಟು. ಇನ್ನೂ ಹೊತ್ತಿದೆ.

ಹೊತ್ತಿಗೆ ಸರಿಯಾಗಿ ತಿನ್ನಬೇಕಂತೆ, ಅಮ್ಮನ ಆಜ್ಞೆ. ಗೆದ್ದರೂ ಸೋತರೂ ನೀನು ಚೆನ್ನಾಗಿರಬೇಕೆಂಬುದು ಅವಳ ಆಶೀರ್ವಾದ. ಕಾಗದ ಬರೆಯುತ್ತಿದ್ದೇನೆ ಎಂದಾಗ ಕೆಳಗಿನ ಅತ್ತೆ ಬೇರೆ ಕಡೆ ನೋಡುತ್ತ, ‘ಗಂಟಲು ಒಡೆದುಹೋಗಿದೆ ಅವಳದು, ಬಿಸಿನೀರು ಕುಡಿ ಅಂತ ಬರಿ’ ಎಂದರು. ಬರೆದಿದ್ದೇನೆ.

ಇಂತಿ ನಿನ್ನ ತಮ್ಮ,
ಟೈರು ಉರುಳಿಸಿಕೊಂಡು ಓಡುತ್ತಿದ್ದವನು, ಬೀದಿಯವರ ಬಾಯಲ್ಲಿ ಈಗಲೂ ‘ಚಕ್ರ’

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು. ಸೇತುವೆಯ ಊರಿನ ಸಭೆಯಲ್ಲಿ ನೀನು, ‘ನನ್ನ ತಮ್ಮನನ್ನು ಓದಿಸಿದೆ, ಅವನೀಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ’ ಎಂದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಉಗುರಿನಲ್ಲಿ ಗ್ರೀಸಿತ್ತು. ನಾನು ಗರ ಬಡಿದವನ ಹಾಗೆ ನಿಂತದ್ದನ್ನು ಕಂಡು ಪಕ್ಕದವನು, ‘ಗುರುತಿನವರಾ?’ ಎಂದು ಕೇಳಿದ. ಅಲ್ಲ ಎಂದೆ. ಯಾರೋ ಗೊತ್ತಿಲ್ಲ ಎಂದೆ. ಬುದ್ಧಿ ಬಂದ ಮೇಲೆ ನಾನು ಹೇಳಿದ ಸುಳ್ಳು ಅದೊಂದೇ, ಎಷ್ಟು ದಿನವಾದರೂ ಗಂಟಲಿನಿಂದ ಇಳಿಯಲಿಲ್ಲ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟದ್ದು ನಾನೇ, ಯಾರೂ ಬಿಡಿಸಲಿಲ್ಲ. ಆಗ ನೀನು ಕಣ್ಣೀರು ಹಾಕಿದೆ, ಬೈದೆ, ಆಮೇಲೆ ಸುಮ್ಮನಾದೆ. ಒಪ್ಪಿಕೊಂಡೆಯೆಂದು ತಿಳಿದಿದ್ದೆ. ನಾಚಿಕೆಪಡುತ್ತಿದ್ದೀಯೆಂದು ಗೊತ್ತಿರಲಿಲ್ಲ.

ಮಂಗಳವಾರ ಆ ಇಬ್ಬರು ಬರುವುದು ಇಂಜಿನಿಯರ್ ತಮ್ಮನನ್ನು ಹುಡುಕಿಕೊಂಡು, ಕಟಿಂಗ್ ಅಂಗಡಿಯಲ್ಲಿ ಹಾಗೆಂದು ಹೇಳಿಹೋಗಿದ್ದಾರೆ. ಬೀದಿ ತಯಾರಾಗಿದೆ, ಕಟಿಂಗ್ ಅಂಗಡಿಯವನು ಈಗಾಗಲೇ ನನ್ನನ್ನು ಯಾವುದೋ ಹಾಸ್ಟೆಲಿಗೆ ಸೇರಿಸಿಬಿಟ್ಟಿದ್ದಾನೆ. ಅವರೆಲ್ಲರಿಂದಲೂ ಆಗುತ್ತದೆ, ನನ್ನಿಂದ ಆಗುವುದಿಲ್ಲ. ಎದುರು ನಿಂತು ಕೇಳಿದರೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ದೂರದ ಊರಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುವ ಕಡೆ ಕೆಲಸ ಸಿಕ್ಕಿದೆ. ನಿನಗೆ ಬೀಳಬೇಕಾಗಿದ್ದ ನನ್ನ ಓಟು ಇದರಿಂದ ಬೀಳುವುದಿಲ್ಲ. ಅಮ್ಮ ಎರಡು ಅಂಗಿಗೆ ಇಸ್ತ್ರಿ ಹಾಕಿ ಇಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.